ನೀರಿನ ಟ್ಯೂಬಿನಲ್ಲಿ ಕಂಡ ಗೆರೆ

ನಮ್ಮ ಸಮುದಾಯ ಲ್ಯಾಬಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಮೊದಲ ದಿನವೇ ಕೇಳುತ್ತಾರೆ: "ಬ್ಯಾಕ್ಟೀರಿಯಾ ಹೊಳೆಯೋ ಹಾಗೆ ಮಾಡೋದು ಯಾವಾಗ?" ಒಂದು ಬಗೆಯ ಜೆಲ್ಲಿ ಮೀನಿನ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ ಅದು ನೇರಳಾತೀತ ಬೆಳಕಿನಲ್ಲಿ ಹಸಿರಾಗಿ ಮಿನುಗುತ್ತದೆ. ವಿಡಿಯೊ ನೋಡಿ ಬಂದಿರುತ್ತಾರೆ, ತಪ್ಪೇನಿಲ್ಲ. ನಾನು ಮಾತ್ರ ಕೈಗೆ ಪಿಪೆಟ್ (ಹನಿಗಿಂತ ಕಡಿಮೆ ದ್ರವವನ್ನೂ ಅಳೆದು ಹಾಕುವ ಸಾಧನ) ಕೊಟ್ಟು, ಬಣ್ಣದ ನೀರಿನ ಮುಂದೆ ಕೂರಿಸುತ್ತೇನೆ. ಒಂದು ಮೈಕ್ರೊಲೀಟರ್ ಎಂದರೆ ಮಿಲಿಲೀಟರಿನ ಸಾವಿರದಲ್ಲಿ ಒಂದು ಪಾಲು. ಅಷ್ಟನ್ನು ಅಳೆಯಲು ಕೈ ಪಳಗಬೇಕು. ಕೆಲವರ ಮುಖ ಸಪ್ಪಗಾಗುತ್ತದೆ.

ಇಂಥ ಲ್ಯಾಬುಗಳು ತೀರಾ ಹಳೆಯವೇನಲ್ಲ. ನ್ಯೂಯಾರ್ಕಿನ ಜೆನ್‌ಸ್ಪೇಸ್ ಬಾಗಿಲು ತೆರೆದಿದ್ದು 2010ರಲ್ಲಿ. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಯೋಕ್ಯೂರಿಯಸ್ ಬಂತು. ಪದವಿ ಕೇಳುವುದಿಲ್ಲ. ಸುರಕ್ಷತೆಯ ಪಾಠ ಮುಗಿಸಿದರೆ ಬೆಂಚು ಸಿಗುತ್ತದೆ.

ನನಗೆ ಜಾಸ್ತಿ ಇಷ್ಟವಾದ ಕಥೆ ಅದಕ್ಕೂ ಹಿಂದಿನದು. 2008ರಲ್ಲಿ ನ್ಯೂಯಾರ್ಕಿನ ಇಬ್ಬರು ಹೈಸ್ಕೂಲ್ ಹುಡುಗಿಯರು ಅಂಗಡಿ, ಹೋಟೆಲುಗಳಿಂದ ಮೀನಿನ ತುಂಡುಗಳನ್ನು ತಂದರು. ಡಿಎನ್‌ಎ ಬಾರ್‌ಕೋಡ್, ಅಂದರೆ ಜಾತಿಯ ಗುರುತು ಹೇಳುವ ಡಿಎನ್‌ಎ ತುಣುಕು, ಅದರ ಮೂಲಕ ಜಾತಿ ಪತ್ತೆ ಮಾಡಿಸಿದರು. ಗುರುತು ಸಿಕ್ಕ ಮೀನುಗಳಲ್ಲಿ ಸುಮಾರು ಕಾಲು ಭಾಗಕ್ಕೆ ಹಾಕಿದ್ದ ಹೆಸರೇ ತಪ್ಪು. ಡಿಎನ್‌ಎ ಓದಿದ್ದು ಬೇರೆ ಲ್ಯಾಬು. ಆದರೆ ಪ್ರಶ್ನೆ ಅವರದ್ದೇ, ಓಡಾಟವೂ ಅವರದ್ದೇ.

ಅದೇ ದಾರಿಯಲ್ಲಿ ನಮ್ಮ ಮೂವರು ಮಕ್ಕಳು ಕಿಟಕಿ ಬಳಿ ಸತ್ತು ಬಿದ್ದ ಐದು ಕೀಟಗಳನ್ನು ಹೆಕ್ಕಿ ತಂದರು. ಪ್ರಾಣಿಗಳ ಬಾರ್‌ಕೋಡ್ ಎಂದರೆ ಮೈಟೊಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಒಂದು ಜೀನಿನ ಸುಮಾರು 650 ಅಕ್ಷರಗಳ ತುಣುಕು. ಅದನ್ನು ಓದುವ ಮೊದಲು ಪಿಸಿಆರ್ ಯಂತ್ರದಲ್ಲಿ ನಕಲು ಮಾಡಬೇಕು. ಸುಮಾರು 95 ಡಿಗ್ರಿಗೆ ಕಾಯಿಸಿದರೆ ಡಿಎನ್‌ಎಯ ಎರಡು ಎಳೆ ಬಿಡಿಸಿಕೊಳ್ಳುತ್ತವೆ. 50ರ ಆಸುಪಾಸಿಗೆ ಇಳಿಸಿದರೆ ಪ್ರೈಮರ್‌ಗಳು, ಅಂದರೆ ನಕಲು ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಚಿಕ್ಕ ಡಿಎನ್‌ಎ ಚೂರುಗಳು, ಹೋಗಿ ಅಂಟುತ್ತವೆ. 72ಕ್ಕೆ ಏರಿಸಿದರೆ ಕಿಣ್ವ ಹೊಸ ಎಳೆ ಕಟ್ಟುತ್ತದೆ. (ಈ ಕಿಣ್ವದ ಮೂಲ ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾ. ಅದಕ್ಕೇ ಅಷ್ಟು ಶಾಖ ತಡೆಯುತ್ತದೆ.) ಪ್ರತಿ ಸುತ್ತಿಗೂ ಎರಡರಷ್ಟು. 30 ಸುತ್ತು ಮುಗಿದಾಗ ಒಂದು ತುಣುಕು, ಲೆಕ್ಕದ ಪ್ರಕಾರ, 100 ಕೋಟಿ ದಾಟಿರುತ್ತದೆ.

ಪಿಸಿಆರ್‌ನ ಶಕ್ತಿಯೂ ಇದೇ, ತಲೆನೋವೂ ಇದೇ. ಎಲ್ಲಿಂದಲೋ ಬಂದು ಸೇರಿದ ಒಂದು ಚೂರೂ ಕೋಟಿಗಟ್ಟಲೆ ಆಗುತ್ತದೆ. ಹಾಗಾಗಿ ಒಂದು ಟ್ಯೂಬಿಗೆ ಕೀಟದ ಡಿಎನ್‌ಎ ಬದಲು ಬರೀ ನೀರು ಹಾಕುತ್ತೇವೆ. ಅದರಲ್ಲಿ ಏನೂ ಬರಬಾರದು. ಬಂತು! ಡಿಎನ್‌ಎ ತುಣುಕುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಕರೆಂಟು ಹಾಯಿಸಿ ನೋಡಿದರೆ ನೀರಿನ ಸಾಲಿನಲ್ಲೂ ದಪ್ಪ ಗೆರೆ. ಕೀಟಗಳ ಗೆರೆ ಎಷ್ಟು ದೂರದಲ್ಲಿತ್ತೋ ಇದೂ ಅಷ್ಟೇ ದೂರದಲ್ಲಿ.

"ಫೋಟೊದಲ್ಲಿ ಆ ಸಾಲನ್ನು ಕತ್ತರಿಸಿದರೆ ಆಯ್ತಲ್ವಾ?" ಎಂದ ಒಬ್ಬ. ನಾನು ಬೈಯಲಿಲ್ಲ. ಪದವಿ ಪಡೆದವರ ತಲೆಗೂ ಈ ಯೋಚನೆ ಬಂದೇ ಬರುತ್ತದೆ. "ಹಾಗಾದರೆ ಉಳಿದ ಐದು ಗೆರೆ ಕೀಟಗಳದ್ದೇ ಅಂತ ಹೇಗೆ ಹೇಳ್ತೀಯಾ?" ಎಂದು ಕೇಳಿದೆ. ಸುಮ್ಮನಾದ.

ಮುಂದಿನ ಮೂರು ಶನಿವಾರ ಕಳ್ಳನನ್ನು ಹುಡುಕುವ ಕೆಲಸ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಬೇಕು. ಮೊದಲು ಪ್ರೈಮರ್ ಹೊಸದು. ಗೆರೆ ಹೋಗಲಿಲ್ಲ. ಆಮೇಲೆ ಕಿಣ್ವ. ಆಗಲೂ ಇಲ್ಲ. ಕೊನೆಗೆ, ಎಲ್ಲ ಟ್ಯೂಬುಗಳಿಗೂ ಹಾಕುವ ನೀರಿನ ಬಾಟಲಿ ಬದಲಿಸಿದಾಗ ಗೆರೆ ಮಾಯ. ಯಾರೋ ಕೀಟದ ಡಿಎನ್‌ಎ ಮುಟ್ಟಿದ ಪಿಪೆಟ್ ಟಿಪ್ಪನ್ನೇ (ತುದಿಯನ್ನೇ) ಆ ಬಾಟಲಿಗೆ ಅದ್ದಿರಬೇಕು. ನೀರನ್ನು ಚಿಕ್ಕ ಟ್ಯೂಬುಗಳಿಗೆ ಹಂಚದೆ ಇಡೀ ಬಾಟಲಿಯನ್ನು ಮೇಜಿನ ಮೇಲೆ ಇಟ್ಟಿದ್ದು ನಾನೇ. ಮಕ್ಕಳಿಗೆ ಅದನ್ನೂ ಹೇಳಿದೆ. ನಕ್ಕರು.

ಅಪ್ಪ ಅಮ್ಮಂದಿರ ಭಯ ಬೇರೆ. ಮನೆಗೆ ರೋಗ ಬಂದರೆ? ಇಲ್ಲಿ ನಾವು ಬಳಸುವುದು ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಕೆ-12 ತಳಿ, ಲ್ಯಾಬಿನಲ್ಲೇ ತಲೆಮಾರುಗಟ್ಟಲೆ ಬೆಳೆದ ಸಾಧು ಜೀವಿ. ಗಂಟಲು, ಗಾಯದಿಂದ ತೆಗೆದ ಯಾವುದನ್ನೂ ಬೆಳೆಸಲು ಬಿಡುವುದಿಲ್ಲ, ಏಕೆಂದರೆ ಅದರಲ್ಲಿ ಏನಿದೆಯೋ ಗೊತ್ತಿರುವುದಿಲ್ಲ. ಬೆಳೆಸಿದ್ದನ್ನೆಲ್ಲ ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಲ್ಲಿ ಬೇಯಿಸುವ ಯಂತ್ರ) 121 ಡಿಗ್ರಿಗೆ ಬೇಯಿಸಿಯೇ ಎಸೆಯುತ್ತೇವೆ. ಒಳಗೆ ಊಟ ತಿಂಡಿ ಇಲ್ಲ. ಕಟ್ಟುನಿಟ್ಟು ಎನಿಸಿದರೆ ಎನಿಸಲಿ.

ನೀರಿನ ಸಾಲೇನೋ ಖಾಲಿಯಾಯಿತು. ಆದರೆ ಎರಡು ಕೀಟಗಳ ಸಾಲೂ ಈಗ ಖಾಲಿ. ಮೊದಲು ಕಂಡಿದ್ದು ಅವುಗಳ ಗೆರೆಯೇ ಆಗಿರಲಿಲ್ಲ ಎಂದಾಯಿತು. ಒಣಗಿ ಡಿಎನ್‌ಎ ಚೂರಾಗಿತ್ತೋ, ಪ್ರೈಮರ್ ಹೊಂದಲಿಲ್ಲವೋ? ಫೋಟೊ ಕತ್ತರಿಸಲು ಹೊರಟಿದ್ದ ಹುಡುಗನೇ ಈಗ ಅದರ ಬೆನ್ನು ಹತ್ತಿದ್ದಾನೆ. ಈ ಶನಿವಾರ ಇನ್ನೆರಡು ಕೀಟ ತರುತ್ತಾನಂತೆ, ಈಗಷ್ಟೇ ಸತ್ತವು.