ಪೀಪಾಯಿಯ ಕಪ್ಪು ಬಿಯರ್: ಮೊದಲು ಥರ್ಮಾಮೀಟರ್, ಆಮೇಲೆ ನಾಲಿಗೆ

ಮೈಸೂರಿನ ಬಾರ್‌ಗಳಲ್ಲಿ ಬಿಯರ್ ಹೇಗಿದೆ ಎಂದು ಕೇಳುವವರು ಕಡಿಮೆ, ‘ಚಿಲ್ಡ್ ಇದೆಯಾ’ ಎಂದು ಕೇಳುವವರೇ ಹೆಚ್ಚು. ಮಾಮೂಲಿಯಾಗಿ ಸಿಗುವ ತಿಳಿ ಬಿಯರಾದ ಲಾಗರ್‌ಗೆ ಆ ಪ್ರಶ್ನೆ ಸರಿಯಾದದ್ದೇ. ಆದರೆ ವಿಸ್ಕಿ ಇಟ್ಟಿದ್ದ ಓಕ್ ಪೀಪಾಯಿಯಲ್ಲಿ ಆರರಿಂದ ಹನ್ನೆರಡು ತಿಂಗಳು ಮಾಗಿಸಿದ, ಶೇ 12–14 ಆಲ್ಕೋಹಾಲ್ ಇರುವ ಇಂಪೀರಿಯಲ್ ಸ್ಟೌಟನ್ನೂ (ಹುರಿದ ಬಾರ್ಲಿಯ ಗಟ್ಟಿ ಕಪ್ಪು ಬಿಯರ್) ಹಾಗೇ ಮಂಜುಗಟ್ಟಿಸಿ ಕುಡಿದರೆ ಬಾಟಲಿಗೆ ಕೊಟ್ಟ ದುಡ್ಡು ದಂಡ. 4 ಡಿಗ್ರಿಯಲ್ಲಿ ಅದರಲ್ಲಿ ಸಿಗುವುದು ಕಹಿ, ಒಗರು, ಒಂದಿಷ್ಟು ಸೀದ ವಾಸನೆ, ಇಷ್ಟೇ. 12–15ರ ಹೊತ್ತಿಗೆ ಬೆಲ್ಲ, ಒಣಹಣ್ಣು, ಮರ ಎಲ್ಲ ಹೊರಗೆ ಬರುತ್ತವೆ. 20 ದಾಟಿತೆಂದರೆ ಸ್ಪಿರಿಟ್ಟಿನ ಘಾಟು ಮೂಗಿಗೆ ಅಡರಿ ಉಳಿದದ್ದನ್ನೆಲ್ಲ ಮುಚ್ಚಿಹಾಕುತ್ತದೆ. ‘ಕಾಸ್ಟ್ಲಿ ಬಿಯರ್ ಅಂದ್ರು, ಕಷಾಯ ಇದ್ದ ಹಾಗಿತ್ತು’ ಎಂಬ ದೂರಿನ ಹಿಂದೆ ಹೆಚ್ಚಿನ ಸಲ ಇರುವುದು ಫ್ರಿಜ್ಜಿನ ತಪ್ಪು.

ಇದರ ಹಿನ್ನೆಲೆ ಚಿಕ್ಕದು. 18ನೇ ಶತಮಾನದಲ್ಲಿ ಲಂಡನ್ನಿನ ಸದರ್ಕ್‌ನಲ್ಲಿದ್ದ ಥ್ರೇಲ್ ಮನೆತನದ ಆಂಕರ್ ಬ್ರೂವರಿಯಿಂದ ರಷ್ಯಾದ ಅರಮನೆಗೆ ಗಟ್ಟಿ ಸ್ಟೌಟ್ ಹೋಗುತ್ತಿತ್ತು, ‘ಇಂಪೀರಿಯಲ್’ ಅಂಟಿಕೊಂಡದ್ದು ಅಲ್ಲಿಂದ. ಅದನ್ನು ಅಮೆರಿಕದ ವಿಸ್ಕಿಯಾದ ಬೂರ್ಬನ್‌ನ ಪೀಪಾಯಿಗೆ ತುಂಬುವ ರೂಢಿಗೆ ಹೆಸರು ತಂದದ್ದು 1990ರ ದಶಕದ ಶಿಕಾಗೋದ ಗೂಸ್ ಐಲ್ಯಾಂಡ್ ಬ್ರೂವರಿ. ಅಮೆರಿಕದ ಕಾನೂನಿನ ಪ್ರಕಾರ ಬೂರ್ಬನ್ನನ್ನು ಪ್ರತಿ ಸಲ ಹೊಸ, ಒಳಮೈ ಸುಟ್ಟ ಓಕ್ ಪಾತ್ರೆಗೇ ತುಂಬಬೇಕು. ಹಾಗಾಗಿ ಒಂದೇ ಸಲ ಬಳಸಿದ, ಸುಮಾರು 200 ಲೀಟರ್ ಹಿಡಿಯುವ ಪೀಪಾಯಿಗಳು ಹೇರಳವಾಗಿ ಹೊರಗೆ ಬರುತ್ತವೆ. ಅವುಗಳ ಹಲಗೆ ಹೀರಿಕೊಂಡಿದ್ದ ವಿಸ್ಕಿ ನಿಧಾನಕ್ಕೆ ಬಿಯರಿಗೆ ಇಳಿದು, ಆಲ್ಕೋಹಾಲ್ ಒಂದೆರಡು ಅಂಶ ಏರುವುದೂ ಉಂಟು.

ನಮ್ಮ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಮಾನದಂಡದಲ್ಲಿ ಬಿಯರಿನ ಆಲ್ಕೋಹಾಲ್ ಮೇಲ್ಮಿತಿ ಶೇ 8. ಆದ್ದರಿಂದ ಶೇ 12ರ ಬಾಟಲಿ ಮೈಸೂರಿಗೆ ಬರುವುದು ಸಾಮಾನ್ಯವಾಗಿ ವಿದೇಶದಿಂದ ಬಂದವರ ಸೂಟ್‌ಕೇಸಿನಲ್ಲಿ, ತಲಾ 2 ಲೀಟರಿನ ಸುಂಕರಹಿತ ಮಿತಿಯೊಳಗೆ. ಓಕ್ ಸೇರಿಸಿದ, ಶೇ 8ರೊಳಗಿನ ಸ್ಥಳೀಯ ಸ್ಟೌಟ್ ಸಿಕ್ಕರೆ ಇಲ್ಲಿ ಹೇಳುವ ತಾಪಮಾನಗಳನ್ನೆಲ್ಲ ಎರಡು ಡಿಗ್ರಿ ಇಳಿಸಿಕೊಳ್ಳಿ.

ಪ್ರಮಾಣದ ಲೆಕ್ಕ ಮೊದಲೇ ತಲೆಯಲ್ಲಿರಲಿ. 330 ಮಿ.ಲೀ. ಬಾಟಲಿಯಲ್ಲಿ ಶೇ 12 ಎಂದರೆ ಸುಮಾರು 40 ಮಿ.ಲೀ. ಶುದ್ಧ ಆಲ್ಕೋಹಾಲ್. ಶೇ 42.8ರ ವಿಸ್ಕಿಯ 60 ಮಿ.ಲೀ. ಪೆಗ್‌ನಲ್ಲಿ ಇರುವುದು 26ರ ಆಸುಪಾಸು. ಅಂದರೆ ಪುಟ್ಟ ಬಾಟಲಿ ಒಂದೂವರೆ ಲಾರ್ಜ್‌ಗೆ ಸಮ. ಒಬ್ಬರೇ ಮುಗಿಸುವ ಬಿಯರ್ ಇದಲ್ಲ, ನಾಲ್ವರು ತಲಾ 75–80 ಮಿ.ಲೀ. ಹಂಚಿಕೊಂಡರೆ ರುಚಿ ನೋಡಲು ಧಾರಾಳವಾಯಿತು. ವಯಸ್ಸು 21 ದಾಟಿರಬೇಕು, ಗಾಡಿ ಓಡಿಸುವವರು ಮೂಸಿ ನೋಡುವಷ್ಟಕ್ಕೇ ನಿಲ್ಲಿಸಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಹದ. 5 ಡಿಗ್ರಿಯಲ್ಲಿದ್ದ 330 ಮಿ.ಲೀ. ಬಾಟಲಿಯನ್ನು 27 ಡಿಗ್ರಿಯ ಕೋಣೆಯಲ್ಲಿ ಹೊರಗಿಟ್ಟರೆ ಕಾಲು ಗಂಟೆಯಲ್ಲಿ 9–10ಕ್ಕೆ ಬರುತ್ತದೆ. ಆಗಲೇ ಸುರಿಯಿರಿ, 12 ಆಗಲಿ ಎಂದು ಕಾಯಬೇಡಿ. ಕೋಣೆಯ ಬಿಸಿಯಲ್ಲೇ ಇದ್ದ ದಪ್ಪ ಗಾಜಿನ ಲೋಟಕ್ಕೆ 75 ಮಿ.ಲೀ. ಬಿದ್ದ ಕ್ಷಣದಲ್ಲೇ ಬಿಯರ್ ಮೂರ್ನಾಲ್ಕು ಡಿಗ್ರಿ ಏರುತ್ತದೆ. ಬಾಟಲಿಯಲ್ಲೇ 12 ಮಾಡಿಕೊಂಡು ಸುರಿದವರ ಲೋಟದಲ್ಲಿ 16 ಇರುತ್ತದೆ, ಮೊದಲ ಮೂಸುವಿಕೆಯ ಅವಕಾಶ ಅಲ್ಲಿಗೆ ಮುಗಿಯಿತು. ಹಾಲು, ಸಕ್ಕರೆ ಪಾಕ ಅಳೆಯುವ ಕಡ್ಡಿ ಥರ್ಮಾಮೀಟರ್ ಸಾಕು. ಕೈಯಂದಾಜು ಇಲ್ಲಿ ಕೈಕೊಡುತ್ತದೆ, ಏಕೆಂದರೆ ಬೆವರುತ್ತಿರುವ ಬಾಟಲಿಯ ಹೊರಮೈ ಒಳಗಿನ ಬಿಯರಿಗಿಂತ ಬೆಚ್ಚಗಿರುತ್ತದೆ.

ಲೋಟ ಹೊಟ್ಟೆ ಅಗಲ, ಬಾಯಿ ಕಿರಿದು ಇರಲಿ. ಬ್ರಾಂಡಿ ಲೋಟ ಒಳ್ಳೆಯದು, ಸಣ್ಣ ವೈನ್ ಲೋಟವೂ ಆಗುತ್ತದೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಘಮ ನಿಲ್ಲಲು ಮೇಲೆ ಜಾಗ ಬೇಕು. ಮೈಸೂರಿನ ಮನೆಗಳಲ್ಲಿ ರುಚಿ ಪರೀಕ್ಷೆಯನ್ನು ಕೆಡಿಸುವ ವಸ್ತು ಅಗರಬತ್ತಿ. ಬೆಳಗ್ಗೆ ಹಚ್ಚಿದ್ದು ಸಂಜೆಗೂ ಪರದೆಯಲ್ಲಿ ಕೂತಿರುತ್ತದೆ, ಅದರ ವೆನಿಲ್ಲಾ-ಗಂಧದ ಎಳೆ ಓಕ್‌ನ ಘಮಕ್ಕೆ ತೀರ ಹತ್ತಿರ. ಕೈಯ ಗಂಧದ ಸಾಬೂನು, ಮೇಜಿನ ಮೇಲಿನ ಮಲ್ಲಿಗೆ ಕೂಡ ಅದೇ ಜಾತಿ. ಎಲೆ-ಅಡಿಕೆ ಹಾಕಿದ ಬಾಯಿಗೆ ಒಗರು ತಿಳಿಯುವುದಿಲ್ಲ, ಫಿಲ್ಟರ್ ಕಾಫಿ ಕುಡಿದ ಬಾಯಿಗೆ ಹುರಿದ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ತಿಳಿಯುವುದಿಲ್ಲ. ಎರಡಕ್ಕೂ ಒಂದು ಗಂಟೆಯಾದರೂ ಬಿಡುವು ಕೊಡಿ.

ಮುಚ್ಚಳಕ್ಕೆ ಮೇಣ ಬಳಿದಿದ್ದರೆ ಬೆಂಕಿ ಹಿಡಿಯಬೇಡಿ, ಕರಗಿ ಬಾಟಲಿಯ ಕಂಠಕ್ಕೇ ಇಳಿಯುತ್ತದೆ. ಮೇಣದ ಮೇಲೆಯೇ ಓಪನರ್ ಒತ್ತಿ ಎಬ್ಬಿಸಿ, ಬಾಯಿಯ ಸುತ್ತಲಿನ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಆಮೇಲೆ ಸುರಿಯಿರಿ. ತಳದ ಒಂದೆರಡು ಚಮಚ ಬಾಟಲಿಯಲ್ಲೇ ಉಳಿಯಲಿ, ಅಲ್ಲಿ ಯೀಸ್ಟ್ ಕೂತಿರುತ್ತದೆ. ನೊರೆ ಕಾಫಿ ಬಣ್ಣದ್ದು, ತೆಳುವಾಗಿ ಬಂದು ನಿಮಿಷದಲ್ಲಿ ಅಡಗುತ್ತದೆ. ಆಲ್ಕೋಹಾಲ್ ಹೆಚ್ಚಿದ್ದಲ್ಲಿ ನೊರೆ ನಿಲ್ಲುವುದಿಲ್ಲ, ಅದಕ್ಕೆ ಅಂಕ ಕಳೆಯುವುದು ಅನ್ಯಾಯ. ಬಿಯರ್ ತೀರ್ಪುಗಾರರನ್ನು ತಯಾರು ಮಾಡುವ ಅಮೆರಿಕದ ಬಿಜೆಸಿಪಿ ಸಂಸ್ಥೆಯ ತೀರ್ಪುಪಟ್ಟಿಯಲ್ಲಿ 50 ಅಂಕಗಳ ಪೈಕಿ ನೋಟಕ್ಕೆ ಸಿಗುವುದೇ 3, ಘಮಕ್ಕೆ 12, ರುಚಿಗೆ 20. ಆದರೆ ತೆರೆದ ಕೂಡಲೇ ಬುಸುಗುಟ್ಟಿ ನೊರೆ ಉಕ್ಕಿ ಹರಿದರೆ ಎಚ್ಚರವಾಗಿ. ಈ ಜಾತಿಯ ಬಿಯರಿಗೆ ಗ್ಯಾಸ್ ಕಡಿಮೆ ಇರಬೇಕು, ಉಕ್ಕಿದರೆ ಒಳಗೆ ಬೇಡದ ಜೀವಿಯೊಂದು ಸಕ್ಕರೆ ತಿನ್ನುತ್ತಿದೆ ಎಂಬ ಗುಮಾನಿ ಮೊದಲು ಬರಬೇಕು.

ಮೂಗನ್ನು ಲೋಟದೊಳಗೆ ತೂರಿಸಿ ಉದ್ದಕ್ಕೆ ಎಳೆಯುವುದು ಇಲ್ಲಿ ತಪ್ಪು ಅಭ್ಯಾಸ. ಒಂದೇ ಎಳೆತಕ್ಕೆ ಆಲ್ಕೋಹಾಲ್ ಮೂಗನ್ನು ಮರಗಟ್ಟಿಸಿಬಿಡುತ್ತದೆ. ಲೋಟವನ್ನು ಮೂಗಿನಿಂದ ನಾಲ್ಕು ಬೆರಳು ದೂರ ಹಿಡಿದು ಎರಡು ಮೂರು ಸಲ ಚುಟುಕಾಗಿ ಮೂಸಿ, ಬರೆದುಕೊಳ್ಳಿ. 12ರಲ್ಲಿ ಒಮ್ಮೆ, 15ರಲ್ಲಿ ಒಮ್ಮೆ, 18ರಲ್ಲಿ ಕೊನೆಗೆ ಒಮ್ಮೆ ಹೀಗೆ ಮಾಡಿ. ಮೊದಲ ಸುತ್ತಿನಲ್ಲಿ ಹುರಿದ ಬಾರ್ಲಿ, ಕಾಫಿ, ಕೋಕೋ ಬರುತ್ತವೆ. ಎರಡನೆಯದು ಮಾಲ್ಟ್ ಮತ್ತು ಮರದ್ದು. ಮೂರನೆಯ ಸುತ್ತಿನಲ್ಲಿ ದೋಷಗಳು ಬಯಲಾಗುತ್ತವೆ. ತಣ್ಣಗಿದ್ದಾಗ ಮರೆಯಾಗಿದ್ದ ಉಗುರುಬಣ್ಣ ಅಳಿಸುವ ದ್ರವದ ವಾಸನೆ, ಅಂದರೆ ಈಥೈಲ್ ಅಸಿಟೇಟ್, 18ಕ್ಕೆ ಬಂದಾಗ ತಪ್ಪಿಸಿಕೊಳ್ಳಲಾರದು.

ಗುಟುಕು 10 ಮಿ.ಲೀ. ಸಾಕು, ಎರಡು ಟೀ ಚಮಚ. ಬಾಯೆಲ್ಲ ಆಡಿಸಿ, ನುಂಗಿ, ತುಟಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ರುಚಿ ಎಂದು ನಾವು ಹೇಳುವುದರಲ್ಲಿ ದೊಡ್ಡ ಪಾಲು ಆ ಉಸಿರಿನಲ್ಲೇ ಬರುತ್ತದೆ. ವೈನಿನ ಹಾಗೆ ಉಗಿದರೆ ಗಂಟಲಂಚಿನಲ್ಲಿ ಉಳಿಯುವ ಕಹಿಯೂ ನುಂಗಿದ ಮೇಲೆ ಆಲ್ಕೋಹಾಲಿನ ನಡತೆಯೂ ತಿಳಿಯುವುದಿಲ್ಲ. ಎದೆಯಲ್ಲಿ ಹರಡುವ ಬೆಚ್ಚನೆ ಒಳ್ಳೆಯ ಲಕ್ಷಣ. ಗಂಟಲಲ್ಲೇ ನಿಂತು ಸುಡುವುದು, ಹುದುಗುವಾಗ ಬಿಸಿ ಏರಿದ್ದರಿಂದ ಹುಟ್ಟಿದ ಫ್ಯೂಸೆಲ್ ಎಂಬ ಒರಟು ಆಲ್ಕೋಹಾಲಿನ ಲಕ್ಷಣ. ಅಂಥದ್ದನ್ನು ವರ್ಷಗಟ್ಟಲೆ ಇಟ್ಟರೆ ಸರಿಹೋಗುತ್ತದೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಕಹಿಯನ್ನೂ ಒಗರನ್ನೂ ಬೇರ್ಪಡಿಸಲು ಒಂದು ಗುಟುಕು ನೀರು ಕುಡಿಯಿರಿ. ಆಮೇಲೂ ನಾಲಿಗೆ ಅಂಗಳಕ್ಕೆ ಅಂಟಿದಂತಿದ್ದರೆ ಅದು ಒಗರು, ಪೀಪಾಯಿಯಲ್ಲಿ ಹೆಚ್ಚು ದಿನ ಉಳಿದ ಬಿಯರಿನ ಗುರುತು.

ಮರದ ಘಮಗಳನ್ನು ಗುರುತಿಸಲು ಪರದೇಶದ ರುಚಿಚಕ್ರ (ಘಮಗಳ ಹೆಸರು ಬರೆದ ದುಂಡು ಪಟ್ಟಿ) ಬೇಕಾಗಿಲ್ಲ, ಅಡುಗೆಮನೆಯಲ್ಲೇ ಮಾದರಿ ಕಟ್ಟಿಕೊಳ್ಳಬಹುದು. ಒಂಬತ್ತು ಸಣ್ಣ ಬಟ್ಟಲುಗಳಲ್ಲಿ ಇವನ್ನಿಡಿ: ಒಣಕೊಬ್ಬರಿ ತುರಿ, ಜಜ್ಜಿದ ಲವಂಗ, ಒಂದು ಹನಿ ವೆನಿಲ್ಲಾ, ಮಂಡ್ಯದ ಆಲೆಮನೆಯ ಕಪ್ಪು ಬೆಲ್ಲ, ಉತ್ತುತ್ತೆ, ಕಡುವಾಗಿ ಹುರಿದ ಕೊಡಗಿನ ಕಾಫಿ ಬೀಜ, ಕಾಚಂಪುಳಿ (ಕೊಡಗಿನ ಹಣ್ಣಿನ ವಿನೆಗರ್), ಸೋಯಾ ಸಾಸ್, ನೆನೆಸಿದ ರಟ್ಟು. ಬಣ್ಣ ಬರಲೆಂದು ಹೈಡ್ರೋಸ್ ಹಾಕಿದ ಹಳದಿ ಬೆಲ್ಲ ಈ ಕೆಲಸಕ್ಕೆ ಬಾರದು, ಜೋನಿ ಬೆಲ್ಲವಾದರೆ ಉತ್ತಮ. ಕೊಬ್ಬರಿ ಸೂಚಿಸುವುದು ಓಕ್ ಲ್ಯಾಕ್ಟೋನನ್ನು, ಅಮೆರಿಕದ ಓಕ್‌ನಲ್ಲಿ ಇದು ಯುರೋಪಿನದಕ್ಕಿಂತ ಎದ್ದು ಕಾಣುತ್ತದೆ. ಲವಂಗದ್ದು ಯೂಜಿನಾಲ್, ಮರದಲ್ಲೂ ಇರುವುದು ಅದೇ ವಸ್ತು. ವೆನಿಲಿನ್ ಹೊರಬರುವುದು ಮರವನ್ನು ಕಾಯಿಸಿದಾಗ. ಬೆಲ್ಲ, ಉತ್ತುತ್ತೆ ಎರಡೂ ಮಾಲ್ಟಿನ ಪಾಲು. ಬಟ್ಟಲು ಮೂಸಿ, ಲೋಟ ಮೂಸಿ, ಮತ್ತೆ ಬಟ್ಟಲಿಗೆ ಬನ್ನಿ. ಕೊಬ್ಬರಿ, ವೆನಿಲ್ಲಾ, ಸ್ಪಿರಿಟ್ ಮೂರೇ ಸಿಕ್ಕು ಬೆಲ್ಲ-ಕಾಫಿಯ ಸುಳಿವೇ ಇಲ್ಲದಿದ್ದರೆ ಪೀಪಾಯಿ ಬಿಯರನ್ನು ನುಂಗಿದೆ. ಇಂಥ ಬಾಟಲಿಗಳಿಗೇ ಹೊಗಳಿಕೆ ಜಾಸ್ತಿ, ನನಗೆ ಮಾತ್ರ ಅವು ನೀರು ಬೆರೆಸಿದ ಬೂರ್ಬನ್ ಅನ್ನಿಸುತ್ತವೆ. ಲೇಬಲ್ಲನ್ನೂ ಓದಿ: ವೆನಿಲ್ಲಾ ಕಾಯಿಯನ್ನೋ ತೆಂಗನ್ನೋ ಬೇರೆಯಾಗಿ ಹಾಕಿದ್ದರೆ ಅದರ ಕೀರ್ತಿ ಓಕ್‌ಗೆ ಸಲ್ಲದು. ಕಾಫಿ ಸೇರಿಸಿದ್ದಾದರೆ ಬೇಗ ಮುಗಿಸಿ, ಹಳತಾದಂತೆ ಕಾಫಿಯ ಜಾಗದಲ್ಲಿ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ತಲೆಯೆತ್ತುತ್ತದೆ.

ಉಳಿದ ಬಟ್ಟಲುಗಳು ದೋಷಕ್ಕೆ. ಕಾಚಂಪುಳಿಯ ವಿನೆಗರ್ ಘಾಟು ಬಂದರೆ ಪೀಪಾಯಿಯೊಳಗೆ ಗಾಳಿ ಸೇರಿದೆ, ವಿನೆಗರ್ ಮಾಡುವ ಬ್ಯಾಕ್ಟೀರಿಯಾ ಅಸಿಟೋಬ್ಯಾಕ್ಟರ್‌ಗೆ ಆಮ್ಲಜನಕ ಇಲ್ಲದೆ ನಡೆಯದು. ವಿನೆಗರ್ ಇಲ್ಲದೆ ಮೊಸರಿನಂಥ ಚುರುಕು ಹುಳಿ ಮಾತ್ರ ಇದ್ದರೆ ಅದು ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾದ ಕೆಲಸ. ಶೇ 12 ಆಲ್ಕೋಹಾಲ್ ಇದ್ದ ಕಡೆ ಬ್ಯಾಕ್ಟೀರಿಯಾ ಬದುಕದು ಎಂಬ ನಂಬಿಕೆ ಸುಳ್ಳು. ಗೂಸ್ ಐಲ್ಯಾಂಡಿನ ಪೀಪಾಯಿ ಸ್ಟೌಟ್ ‘ಬೂರ್ಬನ್ ಕೌಂಟಿ’ಯ 2015ರ ಕೆಲವು ಬಾಟಲಿಗಳು ಲ್ಯಾಕ್ಟೋಬ್ಯಾಸಿಲಸ್ ಅಸಿಟೊಟಾಲರನ್ಸ್ ಹೊಕ್ಕು ಹುಳಿಯಾಗಿ, ಗೂಸ್ ಐಲ್ಯಾಂಡ್ 2016ರಲ್ಲಿ ಗ್ರಾಹಕರಿಗೆ ಹಣ ವಾಪಸ್ ಕೊಟ್ಟಿತು, ಆ ಮೇಲೆ ಪಾಶ್ಚರೀಕರಣಕ್ಕೆ ಹೋಯಿತು. ಕುದುರೆಲಾಯದ, ಹಳೆ ಚರ್ಮದ ವಾಸನೆ ಬ್ರೆಟ್ಟನೋಮೈಸಿಸ್ ಎಂಬ ಕಾಡು ಯೀಸ್ಟಿನದ್ದು. ಇವೆಲ್ಲ ತಯಾರಿಸಿದವರ ತಪ್ಪುಗಳು.

ನೆನೆದ ರಟ್ಟಿನ ಮುಗ್ಗಲು ಬೇರೆ ಕಥೆ. ಅದು ಹೆಚ್ಚಾಗಿ ಬಿಸಿಯ ಪ್ರತಾಪ. ಸೋಯಾ ಸಾಸ್ ವಾಸನೆಯೂ ಬಹುಮಟ್ಟಿಗೆ ಬಿಸಿಯಲ್ಲಿ ಹಳತಾದದ್ದರ, ಸತ್ತ ಯೀಸ್ಟ್ ಒಡೆದದ್ದರ ಫಲ. ಒಣದ್ರಾಕ್ಷಿ, ಶೆರಿ ವೈನಿನ ಛಾಯೆಯವರೆಗೆ ಹಳೆತನ ಈ ಬಿಯರಿಗೆ ಭೂಷಣ, ಅದರಾಚೆಗೆ ಕೆಡುಕು. ತಾಪ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳು ಸುಮಾರು ಎರಡರಿಂದ ಮೂರು ಪಟ್ಟು ಚುರುಕಾಗುತ್ತವೆ. 12 ಡಿಗ್ರಿಯ ನೆಲಮಾಳಿಗೆಯಲ್ಲಿ ಇಡಲೆಂದು ಮಾಡಿದ ಬಿಯರನ್ನು ಮೈಸೂರಿನ ಬೇಸಿಗೆಯಲ್ಲಿ 32 ಡಿಗ್ರಿಯ ಕಪಾಟಿನಲ್ಲಿಟ್ಟರೆ ಒಂದು ತಿಂಗಳು ನಾಲ್ಕರಿಂದ ಒಂಬತ್ತು ತಿಂಗಳಿಗೆ ಸಮವಾಗುತ್ತದೆ. ವಿಮಾನ ನಿಲ್ದಾಣದಿಂದ ಮನೆಗೆ ಬರುವಾಗ ಕಾರಿನ ಡಿಕ್ಕಿಯಲ್ಲಿ ಹಾಕಿ, ಮದ್ದೂರಿನಲ್ಲಿ ಬಿಸಿಲಿಗೆ ನಿಲ್ಲಿಸಿ ವಡೆ ತಿನ್ನಲು ಇಳಿಯುವವರು ಬಾಟಲಿಯನ್ನು ಜೊತೆಗೇ ಇಳಿಸಿಕೊಳ್ಳಲಿ. ‘ವಿಸ್ಕಿ ಇದ್ದ ಹಾಗೆ, ಏನೂ ಆಗಲ್ಲ’ ಎಂದು ಶೋಕೇಸಿನಲ್ಲಿ ಇಡುವುದೂ ಬೇಡ. ಬೆಂಗಳೂರಿನ ಹವೆಯಲ್ಲಿ ಪೀಪಾಯಿಯ ವಿಸ್ಕಿ ವರ್ಷಕ್ಕೆ ಶೇ 10–12ರಷ್ಟು ಆವಿಯಾಗುತ್ತದೆ, ಸ್ಕಾಟ್ಲೆಂಡಿನಲ್ಲಿ ಶೇ 2ರ ಸುಮಾರು. ವಿಸ್ಕಿ ಅಷ್ಟು ಬಿಸಿಯನ್ನು ತಾಳುತ್ತದೆ, ಏಕೆಂದರೆ ಪೀಪಾಯಿಯಲ್ಲಿ ಅದರ ಆಲ್ಕೋಹಾಲ್ ಶೇ 60ರ ಆಸುಪಾಸು. ಬಿಯರಿಗೆ ಆ ರಕ್ಷೆ ಇಲ್ಲ. ಬಾಟಲಿಯನ್ನು ನೆಟ್ಟಗೆ, ಕತ್ತಲಲ್ಲಿ, ಒಂದೇ ತಾಪದಲ್ಲಿ ಇಡಿ. 10–13 ಡಿಗ್ರಿಯ ವೈನ್ ಕೂಲರ್ ಇಲ್ಲದಿದ್ದರೆ ಫ್ರಿಜ್ಜಿನ ತರಕಾರಿ ಡಬ್ಬಿಯೇ ಗತಿ. ಮಾಗುವುದು ನಿಧಾನವಾಗುತ್ತದೆ, ಕೆಡುವುದಿಲ್ಲ.

ಬಿಸಿಗೆ ಬಿಯರ್ ಬೇಗ ಹಳತಾಗುತ್ತದೆ ಎಂಬ ಮಾತನ್ನು ನಂಬದವರು ಒಂದೇ ಬಗೆಯ ಎರಡು ಬಾಟಲಿ ಇದ್ದರೆ ಪರೀಕ್ಷಿಸಬಹುದು. ಒಂದನ್ನು ಫ್ರಿಜ್ಜಿನಲ್ಲಿ, ಇನ್ನೊಂದನ್ನು ಕಪಾಟಿನಲ್ಲಿ ಮಾರ್ಚಿನಿಂದ ಮೇವರೆಗೆ ಇಡಿ. ಎರಡನ್ನೂ ಒಂದೇ ತಾಪಕ್ಕೆ ತಂದು, ಪ್ರತಿಯೊಬ್ಬರಿಗೂ ತಲಾ 25 ಮಿ.ಲೀ.ಯ ಮೂರು ಲೋಟ ಕೊಡಿ, ಎರಡರಲ್ಲಿ ಒಂದು ಬಗೆ, ಮೂರನೆಯದರಲ್ಲಿ ಇನ್ನೊಂದು. ಬೇರೆಯದು ಯಾವುದು ಎಂಬುದೊಂದೇ ಪ್ರಶ್ನೆ. ಯಾವುದು ಬೇರೆ ಎಂಬುದನ್ನು ಒಬ್ಬೊಬ್ಬರಿಗೆ ಒಂದೊಂದು ರೀತಿ ಬದಲಿಸಿ, ಸುರಿದವರು ಕೋಣೆಯಿಂದ ಆಚೆ ಇರಲಿ. ಕುರುಡು ಊಹೆಗೂ ಮೂರರಲ್ಲಿ ಒಂದು ಸಲ ಸರಿಯುತ್ತರ ಬರುವುದರಿಂದ ಆರು ಜನರಲ್ಲಿ ನಾಲ್ವರು ಸರಿ ಹೇಳಿದರೆ ಸಾಲದು, ಐವರು ಹೇಳಿದರೆ ವ್ಯತ್ಯಾಸ ನಿಜವೆಂದು ಒಪ್ಪಬಹುದು.

ಜೊತೆಗೆ ತಿನ್ನಲು ಖಾರ ಬೇಡ. ಆಲ್ಕೋಹಾಲ್ ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತದೆ, ಚಿಲ್ಲಿ ಚಿಕನ್ ಜೊತೆ ಕುಡಿದರೆ ಎರಡೂ ಹಾಳು. ಬಂಡೂರು ಕುರಿ ಮಾಂಸವನ್ನು ಹಸಿಮೆಣಸು ಹಾಕದೆ, ಕರಿಮೆಣಸನ್ನೂ ಕಡಿಮೆ ಮಾಡಿ ನಿಧಾನಕ್ಕೆ ಬೇಯಿಸಿ ಹುರಿದದ್ದು ಒಪ್ಪುತ್ತದೆ, ಕೊಬ್ಬನ್ನು ಹುರಿದ ಬಾರ್ಲಿಯ ಕಹಿ ಕತ್ತರಿಸುತ್ತದೆ. ಸಿಹಿಯಲ್ಲಿ ಗೂಡು ಗೂಡಾದ ಹಳೇ ಶೈಲಿಯ ಗಟ್ಟಿ ಮೈಸೂರು ಪಾಕ್ ಸರಿಯಾದ ಜೋಡಿ, ಅದರ ನಡುವಿನ ಕೆಂಪಗೆ ಬೆಂದ ಭಾಗದಲ್ಲಿ ಹುರಿದ ಘಮವೂ ಇರುತ್ತದೆ. ತುಂಡು ಹೆಬ್ಬೆರಳಿನ ಉಗುರಿನಷ್ಟೇ ಇರಲಿ, ತಿನಿಸಿನ ಸಿಹಿ ಬಿಯರಿನ ಸಿಹಿಯನ್ನು ಮೀರಿದರೆ ಬಿಯರ್ ಬರೀ ಕಹಿ ಅನ್ನಿಸುತ್ತದೆ. ಮತ್ತು ಇದೆಲ್ಲ ಮೂರನೇ ಸುತ್ತು ಬರೆದಾದ ಮೇಲೆ. ಬಾಟಲಿಯಲ್ಲಿ ಉಳಿದದ್ದಕ್ಕೆ ಬಿಗಿಯಾದ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಮರುದಿನ ಸಂಜೆಯವರೆಗೆ ಕುಡಿಯುವಂತಿರುತ್ತದೆ. ಗ್ಯಾಸ್ ಮೊದಲೇ ಕಡಿಮೆ ಇದ್ದುದರಿಂದ ಲಾಗರಿನಷ್ಟು ಸಪ್ಪೆಯಾಗುವುದಿಲ್ಲ.