ಬೂದಿ ಬೆಳ್ಳಗಿದೆ ಸರಿ, ಕರಗುತ್ತದೆಯೇ?

ಉಮಿ ಬೂದಿಯಿಂದ ಸಿಲಿಕಾ (ರಬ್ಬರ್, ಟೂತ್‌ಪೇಸ್ಟಿನಂಥವಕ್ಕೆ ಹಾಕುವ ಪುಡಿ) ತೆಗೆಯುವ ಘಟಕ ಹಾಕಬೇಕೆಂದು ಹೊರಟ ರೈಸ್ ಮಿಲ್ ಮಾಲೀಕರ ಕೈಯಲ್ಲಿ ಸಾಮಾನ್ಯವಾಗಿ ಎರಡು ವಸ್ತು ಇರುತ್ತವೆ. ಒಂದು, ಸುಣ್ಣದ ಹುಡಿಯಷ್ಟು ಬೆಳ್ಳಗಿನ ಬೂದಿ ತುಂಬಿದ ಪ್ಲಾಸ್ಟಿಕ್ ಕವರ್. ಇನ್ನೊಂದು, ಸಿಲಿಕಾ 92 ಶೇಕಡ ಎಂದು ಬರೆದ ಲ್ಯಾಬ್ ರಿಪೋರ್ಟ್. "ಇನ್ನೇನು ಸಾರ್, 8 ಪರ್ಸೆಂಟ್ ಕಸ ತೆಗೆದರೆ ಆಯಿತಲ್ಲ?" ಎನ್ನುತ್ತಾರೆ. ಭದ್ರಾವತಿ ಕಡೆಯಿಂದ ಹೊನ್ನಾಳಿಯವರೆಗೆ ಈ ಮಾತು ಒಂದಕ್ಷರ ಬದಲಾಗದೆ ಕೇಳಿಬರುತ್ತದೆ. ಇನ್ನೂ ಕೆಲವರು ಬಾಯ್ಲರಿನಿಂದ ಬಂದ ಕರಿ ಬೂದಿಯನ್ನು ಮತ್ತೊಮ್ಮೆ ಜೋರಾಗಿ ಸುಟ್ಟು, ಬಿಳಿ ಮಾಡಿ ತರುತ್ತಾರೆ. ಮದುಮಗಳಿಗೆ ಪೌಡರ್ ಹಚ್ಚಿದ ಹಾಗೆ. ಆ ಎರಡನೇ ಸುಡುವಿಕೆಯಲ್ಲಿ ಒಳ್ಳೆಯ ಬೂದಿ ಹಾಳಾಗಿರುತ್ತದೆ.

ಲ್ಯಾಬ್ ರಿಪೋರ್ಟಿನ 92 ಎಂಬ ಅಂಕಿ ಬೂದಿಯಲ್ಲಿರುವ ಒಟ್ಟು ಸಿಲಿಕಾದ್ದು. ಹೊಳೆಯ ಮರಳನ್ನು ಕೊಟ್ಟರೂ ಅದೇ ಲ್ಯಾಬ್ 90ರ ಮೇಲೆ ಬರೆದುಕೊಡಬಹುದು. ಹಾಗೆಂದು ಮರಳನ್ನು ಕಾಸ್ಟಿಕ್ ಸೋಡಾ ಕರಗಿಸಿದ ನೀರಿನಲ್ಲಿ ತೆರೆದ ಪಾತ್ರೆಯಲ್ಲಿ ಕುದಿಸಿದರೆ ಅದು ಕರಗುವುದಿಲ್ಲ. ಮರಳಿನಿಂದ ಸೋಡಿಯಂ ಸಿಲಿಕೇಟ್ (ಸಿಲಿಕಾ ತೆಗೆಯಲು ಮೊದಲು ಮಾಡಿಕೊಳ್ಳುವ, ನೀರಿನಲ್ಲಿ ಕರಗುವ ಲವಣ) ಮಾಡುವವರು ಅದನ್ನು ಸೋಡಾ ಆ್ಯಶ್ ಜೊತೆ 1,300 ಡಿಗ್ರಿಗೂ ಮೇಲೆ ಕುಲುಮೆಯಲ್ಲಿ ಕರಗಿಸಿ ಗಾಜು ಮಾಡುತ್ತಾರೆ. ಆಮೇಲೆ ಆ ಗಾಜನ್ನು ಹಬೆಯ ಒತ್ತಡದಲ್ಲಿ ನೀರಿಗಿಳಿಸುತ್ತಾರೆ. ಉಮಿ ಬೂದಿಗೆ ಬೆಲೆ ಬಂದದ್ದೇ ಈ ಕುಲುಮೆ ಬೇಡ ಎನ್ನುವ ಕಾರಣಕ್ಕೆ: 90-100 ಡಿಗ್ರಿಯ ಕಾಸ್ಟಿಕ್ ನೀರಿನಲ್ಲಿ ಒಂದೆರಡು ಗಂಟೆಯಲ್ಲಿ ಅದು ಕರಗುತ್ತದೆ. ಕರಗದ ಬೂದಿ ನಮ್ಮ ಕೆಲಸದ ಮಟ್ಟಿಗೆ ಮರಳೇ.

ಭತ್ತದ ಗಿಡ ಮಣ್ಣಿನಿಂದ ಸಿಲಿಕಾವನ್ನು ಕರಗಿದ ರೂಪದಲ್ಲಿ ಹೀರಿ ಉಮಿಯಲ್ಲಿ ತುಂಬಿಡುತ್ತದೆ. ಅಲ್ಲಿ ಅದರ ಕಣಗಳಿಗೆ ಕ್ರಮವಿಲ್ಲ. ಲಾರಿಯಿಂದ ಸುರಿದ ಇಟ್ಟಿಗೆ ರಾಶಿಯಂತೆ, ನಡುನಡುವೆ ಜಾಗ. ಕಾಸ್ಟಿಕ್ ಆ ಸಂದುಗಳಲ್ಲಿ ನುಗ್ಗುತ್ತದೆ. ಸುಮಾರು 700 ಡಿಗ್ರಿಯೊಳಗೆ ಸುಟ್ಟರೆ ಈ ರಾಶಿ ರಾಶಿಯಾಗಿಯೇ ಉಳಿಯುತ್ತದೆ. 800 ದಾಟಿ 900ರತ್ತ ಹೋದಂತೆ, ಆ ಬಿಸಿಯಲ್ಲಿ ಹೆಚ್ಚು ಹೊತ್ತು ನಿಂತಂತೆ, ಇಟ್ಟಿಗೆಗಳು ತಾವಾಗಿ ಸಾಲುಗಟ್ಟಿ ಗೋಡೆಯಾಗುತ್ತವೆ. ಆ ಗೋಡೆಗೆ ಕ್ರಿಸ್ಟೊಬಲೈಟ್ ಎಂದು ಹೆಸರು. ಕಾಸ್ಟಿಕ್ ಅದರ ಹೊರಮೈ ನೆಕ್ಕಿ ಸುಮ್ಮನಾಗುತ್ತದೆ. ರಾಸಾಯನಿಕವಾಗಿ ಎರಡೂ ಒಂದೇ, ಹಾಗಾಗಿ ಒಟ್ಟು ಸಿಲಿಕಾದ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣದು. ಕಣಗಳ ಜೋಡಣೆ ತೋರಿಸುವ ಎಕ್ಸ್‌ರೇ ಡಿಫ್ರಾಕ್ಷನ್ ಪರೀಕ್ಷೆಯಲ್ಲಿ ಕಾಣುತ್ತದೆ. ಅದರ ನಕ್ಷೆಯಲ್ಲಿ ಒಳ್ಳೆಯ ಬೂದಿಗೆ 22 ಡಿಗ್ರಿ ಕೋನದ ಆಸುಪಾಸಿನಲ್ಲಿ ನಮ್ಮ ಗುಡ್ಡಗಳ ಹಾಗೆ ಅಗಲವಾದ ದಿಬ್ಬ, ಕೆಟ್ಟದ್ದಕ್ಕೆ ಅದೇ ಜಾಗದಲ್ಲಿ ಸೂಜಿಯಂಥ ಶಿಖರ.

ಹಾಗಾದರೆ ಬಿಳಿ ಬೂದಿ ಎಲ್ಲವೂ ಕೆಟ್ಟದ್ದೇ? ಹಾಗೆ ಹೇಳಲಾಗದು. ಹದವಾದ ಬಿಸಿಯಲ್ಲಿ, ಸಾಕಷ್ಟು ಗಾಳಿ ಕೊಟ್ಟು ಸುಟ್ಟರೆ ಬೆಳ್ಳಗೂ ಇರುತ್ತದೆ, ಕರಗುತ್ತದೆ ಕೂಡ. ಬಿಳುಪು ಹೇಳುವುದು ಇಂಗಾಲ ಎಷ್ಟು ಸುಟ್ಟುಹೋಗಿದೆ ಎಂಬುದನ್ನು ಮಾತ್ರ. ಕರಿ ಬೂದಿಯ ಇಂಗಾಲದಿಂದ ನಮಗೆ ಅಂಥ ತೊಂದರೆಯಿಲ್ಲ. ಸಿಲಿಕಾ ಕರಗಿ ಹೋದ ಮೇಲೆ ಅದು ಫಿಲ್ಟರ್ ಬಟ್ಟೆಯ ಮೇಲೆ ಉಳಿಯುತ್ತದೆ; ತೊಳೆದರೆ ಬಣ್ಣ ಹೀರುವ ಇಂಗಾಲವಾಗಿ ಅದಕ್ಕೂ ಗಿರಾಕಿ ಸಿಗಬಹುದು. ಕರಿ ಬೂದಿಯನ್ನು ಮತ್ತೆ ಸುಡುವುದರಲ್ಲಿ ಇನ್ನೊಂದು ತೊಡಕಿದೆ. ಉಮಿಯ ಪೊಟ್ಯಾಷ್ ಬಿಸಿಗೆ ಕರಗಿ ಸಿಲಿಕಾದ ಮೈಮೇಲೆ ಗಾಜಿನ ಪೊರೆ ಕಟ್ಟುತ್ತದೆ. ಒಳಗಿನ ಇಂಗಾಲ ಆ ಪೊರೆಯಡಿ ಸಿಕ್ಕಿಬೀಳುತ್ತದೆ, ಎಷ್ಟು ಉರಿಸಿದರೂ ಹೋಗದು. ಹಟ ಹಿಡಿದು ಉರಿ ಏರಿಸಿದರೆ ಬಿಸಿ ಕ್ರಿಸ್ಟೊಬಲೈಟ್ ಮಟ್ಟಕ್ಕೆ ತಲುಪುತ್ತದೆ. ಪೊಟ್ಯಾಷ್ ಇದ್ದಷ್ಟೂ ಹರಳುಗಟ್ಟುವುದು ಇನ್ನೂ ಕಡಿಮೆ ಬಿಸಿಯಲ್ಲೇ ಶುರು.

ಮಲೆನಾಡಿನಲ್ಲಿ ಇದಕ್ಕೆ ಅಡಿಕೆ ಸಿಪ್ಪೆಯೂ ಸೇರುತ್ತದೆ. ಸುಗ್ಗಿಯಲ್ಲಿ ಸಿಪ್ಪೆ ಪುಕ್ಕಟೆ ಸಿಗುತ್ತದೆಂದು ಉಮಿಯ ಜೊತೆ ಬಾಯ್ಲರಿಗೆ ತಳ್ಳುತ್ತಾರೆ, ಮಳೆಗಾಲದಲ್ಲಿ ಸೌದೆ. ಎರಡರ ಬೂದಿಯಲ್ಲೂ ಪೊಟ್ಯಾಷ್ ಮತ್ತು ಸುಣ್ಣದಂಶ ಹೆಚ್ಚು. ಸಿಲಿಕಾದ ಪ್ರಮಾಣ ಇಳಿಯುವುದಲ್ಲದೆ ಗ್ರೇಟ್ (ಉರುವಲು ಉರಿಯುವ ಜಾಲರಿ) ಮೇಲೆ ಗಟ್ಟಿ ಕಿಟ್ಟ ಕಟ್ಟುತ್ತದೆ. ಆ ಬೂದಿಯನ್ನು ತೋಟಕ್ಕೆ ಹಾಕಿ, ಅದೇ ಅದರ ಜಾಗ. ಅಂಗಳದಲ್ಲಿ ಸುರಿದ ಬೂದಿಯನ್ನು ಜೆಸಿಬಿಯಲ್ಲಿ ಗೋರಿ ತುಂಬಿಸಿದ್ದಂತೂ ಬೇಡವೇ ಬೇಡ. ನಮ್ಮ ಕೆಂಪು ಮಣ್ಣಿನ ಕಬ್ಬಿಣ ಬೆರೆತರೆ ಕೊನೆಯ ಪುಡಿಗೆ ಹಳದಿ ಛಾಯೆ ಬರುತ್ತದೆ.

"ನಮ್ಮ ಬಾಯ್ಲರ್ 180 ಡಿಗ್ರಿ ದಾಟುವುದೇ ಇಲ್ಲ" ಎನ್ನುವ ಮಾತಿಗೆ ಏನು ಹೇಳುವುದು! ಅದು ಹಬೆಯ ಬಿಸಿ. ಹತ್ತು ಕೆಜಿ ಒತ್ತಡದ ಹಬೆ 180 ಚಿಲ್ಲರೆ ಡಿಗ್ರಿಯಲ್ಲಿರುತ್ತದೆ, ಕುಚ್ಚಲಕ್ಕಿಗೆ ಬೇಕಾದದ್ದೂ ಅದೇ. ಬೂದಿಯ ಹಣೆಬರಹ ಬರೆಯುವುದು ಉಮಿ ಉರಿಯುವ ಜಾಗದ ಬಿಸಿ. ಚಿಮಣಿಯಲ್ಲಿ ಬಿಸಿ ಅಳೆಯುವ ಥರ್ಮೋಕಪಲ್ ಕೂಡ ಅದನ್ನು ಹೇಳುವುದಿಲ್ಲ. ಗ್ರೇಟ್ ಮೇಲಿನ ಉರಿಯಲ್ಲೇ ಅಳೆಯಬೇಕು. ಅದೂ ಒಂದೇ ಕಡೆ ಅಳೆದರೆ ಸಾಲದು, ಏಕೆಂದರೆ ಅಂಚಿನಲ್ಲಿ 650 ಇದ್ದಾಗಲೇ ನಡುವೆ 900 ಇರಬಹುದು. ಹಬೆ ಬೇಗ ಬೇಕೆಂದು ಫ್ಯಾನ್ ಪೂರ್ತಿ ತೆರೆದ ಪಾಳಿಯ ಬೂದಿ, ನಿಧಾನವಾಗಿ ಓಡಿಸಿದ ಪಾಳಿಯ ಬೂದಿ ಬೇರೆಬೇರೆ ಸರಕು.

ಎಕ್ಸ್‌ರೇಗೆ ದುಡ್ಡು ಹಾಕುವ ಮೊದಲು ಮಾಡಬಹುದಾದ ಪರೀಕ್ಷೆ ಒಂದಿದೆ. ಒಣಗಿಸಿದ 10 ಗ್ರಾಂ ಬೂದಿ ತೂಗಿ. 10 ಗ್ರಾಂ ಕಾಸ್ಟಿಕ್ ಸೋಡಾವನ್ನು 100 ಮಿಲಿ ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಿ ಕರಗಿಸಿ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು. ಕನ್ನಡಕ, ಗ್ಲೌಸ್ ಇಲ್ಲದೆ ಕೈ ಹಾಕಲೇಬೇಡಿ. ಪಾತ್ರೆ ಸ್ಟೀಲಿನದ್ದಿರಲಿ. ಅಲ್ಯೂಮಿನಿಯಂ ಪಾತ್ರೆಯನ್ನು ಕಾಸ್ಟಿಕ್ ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಗಾಜಿನದ್ದಾದರೆ ಗಾಜಿನ ಸಿಲಿಕಾವೂ ಕರಗಿ ಲೆಕ್ಕ ಕೆಡಿಸುತ್ತದೆ. ಬೂದಿ ಹಾಕಿ ಒಂದು ಗಂಟೆ ಸಣ್ಣಗೆ ಕುದಿಸಿ, ಆವಿಯಾದಷ್ಟು ಬಿಸಿನೀರು ಸೇರಿಸುತ್ತಿರಿ. ಬಿಸಿಯಿರುವಾಗಲೇ ಸೋಸಿ, ಉಳಿದದ್ದನ್ನು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ ತೂಗಿ. ಆಮೇಲೆ ಅದನ್ನು ಮೂಸೆಯಲ್ಲಿ ಕೆಂಪಗೆ ಕಾಯಿಸಿ ಇಂಗಾಲ ಸುಟ್ಟು ಮತ್ತೆ ತೂಗಿ.

ಮೊದಲ ತೂಕ 2.5 ಗ್ರಾಂ, ಸುಟ್ಟ ಮೇಲೆ 0.8 ಬಂತೆನ್ನಿ. ಇಂಗಾಲ 1.7, ಕರಗಿದ್ದು 7.5, ಕರಗದ ಖನಿಜ ಒಂದು ಗ್ರಾಮಿಗಿಂತ ಕಡಿಮೆ. ಈ ಬೂದಿ ನೋಡಲು ಕಪ್ಪಾಗಿದ್ದರೂ ಕೈಬಿಡಬೇಡಿ. ಅದೇ ಬೆಳ್ಳನೆಯ ಬೂದಿಯಲ್ಲಿ 5 ಗ್ರಾಂ ಉಳಿದು, ಸುಟ್ಟ ಮೇಲೂ 4.8 ಬಂದರೆ ಸರಕಿನ ಅರ್ಧಭಾಗ ಹರಳುಗಟ್ಟಿದೆ ಎಂದು ತಿಳಿಯಬಹುದು. ಅಂಥದ್ದನ್ನು ಪೂರ್ತಿ ಬಿಸಾಡಬೇಕಿಲ್ಲ, ಉಕ್ಕಿನ ಕಾರ್ಖಾನೆಗಳಲ್ಲಿ ಕರಗಿದ ಲೋಹದ ಮೇಲೆ ಶಾಖ ಹೋಗದಂತೆ ಹೊದಿಸಲು ಉಮಿ ಬೂದಿ ಬಳಸುತ್ತಾರೆ. ಆದರೆ ಅದರ ಧೂಳು ಕೆಟ್ಟದ್ದು. ಹರಳುಗಟ್ಟಿದ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲೂ ಅದಿದೆ. ಮೂಗಿಗೆ ಟವೆಲ್ ಕಟ್ಟಿಕೊಂಡು ಬೂದಿ ತುಂಬುವ ಹುಡುಗರಿಗೆ ಸರಿಯಾದ ಮಾಸ್ಕ್ ಕೊಡಿಸಿ. ಒಂದು ಲೋಡ್ ಬೂದಿಯ ಮುಂದೆ ಅದು ದೊಡ್ಡ ಖರ್ಚಲ್ಲ.

ಬೂದಿ ಕರಗಿತು, ಸಿಲಿಕೇಟ್ ದ್ರಾವಣ ಸಿಕ್ಕಿತು. ಅದಕ್ಕೆ ಆಸಿಡ್ ಹಾಕಿದರೆ ಸಿಲಿಕಾ ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತು. ಹೇಗೆ ಹಾಕಬೇಕೆಂದು ಗೊತ್ತಿಲ್ಲದವರು ತಣ್ಣಗಿನ ದ್ರಾವಣಕ್ಕೆ ಒಮ್ಮೆಲೇ ಸುರಿಯುತ್ತಾರೆ, ರಿಯಾಕ್ಟರ್ ತುಂಬ ಗಿಣ್ಣು! ಶಿವಮೊಗ್ಗದ ಫೌಂಡ್ರಿಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ಸಿಲಿಕೇಟ್ ಬೆರೆಸಿದ ಮರಳಿಗೆ ಕಾರ್ಬನ್ ಡೈಆಕ್ಸೈಡ್ ಊದಿದರೆ ಕೋರ್ (ಎರಕದೊಳಗೆ ಟೊಳ್ಳು ಬಿಡಿಸುವ ಮರಳಿನ ಅಚ್ಚು) ಗಟ್ಟಿಯಾಗುವುದು ಇದೇ ಹೆಪ್ಪಿನಿಂದ. ಅಲ್ಲಿ ಹೆಪ್ಪು ಬೇಕು. ನಮಗೆ ಬೇಕಿರುವುದು ಒಡೆದ ಹಾಲಿನಂತೆ ನೀರಿನಿಂದ ಬೇರೆಯಾಗುವ ಕಣ. ಅದಕ್ಕೆ ತೆಳು ಸಿಲಿಕೇಟನ್ನು 80-90 ಡಿಗ್ರಿಗೆ ಕಾಯಿಸಿಟ್ಟು, ಚೆನ್ನಾಗಿ ಕಲಕುತ್ತ, ಒಂದು ಕಡೆಯಿಂದ ಸಿಲಿಕೇಟ್, ಇನ್ನೊಂದು ಕಡೆಯಿಂದ ತೆಳು ಸಲ್ಫ್ಯೂರಿಕ್ ಆಸಿಡ್ ಅನ್ನು ಗಂಟೆ-ಒಂದೂವರೆ ಗಂಟೆ ಬಿಡುತ್ತಾರೆ. ಪಿಎಚ್ (ಆಮ್ಲ-ಕ್ಷಾರದ ಅಳತೆ) 9ರ ಆಸುಪಾಸಿನಲ್ಲಿ ನಿಲ್ಲಬೇಕು. ಆ ಕ್ಷಾರದಲ್ಲಿ ಕಣಗಳು ಒಂದನ್ನೊಂದು ದೂಡುತ್ತ ದಪ್ಪಗಾಗುತ್ತವೆ, ಆಮೇಲೆ ಗೊಂಚಲುಗಟ್ಟುತ್ತವೆ. ಕೊನೆಗೆ ಸಿಲಿಕೇಟ್ ನಿಲ್ಲಿಸಿ ಆಸಿಡ್‌ನಿಂದ ಪಿಎಚ್ ಅನ್ನು 4-5ಕ್ಕೆ ಇಳಿಸಬೇಕು. ಪಿಎಚ್ ಮೀಟರ್ ಕೈಕೊಟ್ಟರೆ ಬ್ಯಾಚ್ ಹೋಯಿತೆಂದೇ ಲೆಕ್ಕ. ಸಿಲಿಕಾ ಮೆತ್ತಿಕೊಳ್ಳುವುದರಿಂದ ಅದರ ಎಲೆಕ್ಟ್ರೋಡ್ ಅನ್ನು ಆಗಾಗ ತೊಳೆಯುತ್ತಿರಬೇಕು.

ಈಗ ಲೆಕ್ಕ. ಗಂಟೆಗೆ 4 ಟನ್ ಭತ್ತ ಆಡಿಸುವ ಮಿಲ್ 10 ಗಂಟೆ ನಡೆದರೆ 40 ಟನ್. ಅದರ ಐದನೇ ಒಂದು ಭಾಗ, 8 ಟನ್, ಉಮಿ. ಉಮಿಯ ಐದನೇ ಒಂದು ಭಾಗ, 1.6 ಟನ್, ಬೂದಿ. ಮುಕ್ಕಾಲು ಪಾಲು ಕರಗಿ, ಅಲ್ಲಿಲ್ಲಿ ನಷ್ಟ ಕಳೆದರೆ ದಿನಕ್ಕೆ ಸುಮಾರು ಒಂದು ಟನ್ ಸಿಲಿಕಾ. ಇಲ್ಲಿಗೆ ಎಲ್ಲರೂ ಕ್ಯಾಲ್ಕುಲೇಟರ್ ಕೆಳಗಿಡುತ್ತಾರೆ. ದಯವಿಟ್ಟು ಇಡಬೇಡಿ. ಸಿಲಿಕೇಟಿನ ಮಾಡ್ಯುಲಸ್ (ಅದರಲ್ಲಿ ಸೋಡಿಯಂ ಆಕ್ಸೈಡಿನ ಎಷ್ಟು ಪಟ್ಟು ಸಿಲಿಕಾ ಇದೆ ಎಂಬ ಲೆಕ್ಕ) 2 ಎಂದುಕೊಂಡರೆ ಆ ಒಂದು ಟನ್ನಿಗೆ ಸುಮಾರು 670 ಕೆಜಿ ಕಾಸ್ಟಿಕ್, 820 ಕೆಜಿ ಸಲ್ಫ್ಯೂರಿಕ್ ಆಸಿಡ್ ಬೇಕು, 1,180 ಕೆಜಿ ಸೋಡಿಯಂ ಸಲ್ಫೇಟ್ ಹುಟ್ಟುತ್ತದೆ. ಅಂದರೆ ಸಿಲಿಕಾಕ್ಕಿಂತ ಉಪ್ಪೇ ಹೆಚ್ಚು, ಅದೂ ಸಾವಿರಾರು ಲೀಟರ್ ತೊಳೆದ ನೀರಿನಲ್ಲಿ ಕರಗಿಕೊಂಡು. ಅದನ್ನು ತುಂಗೆಗೂ ಬಿಡುವಂತಿಲ್ಲ, ಭದ್ರೆಗೂ ಬಿಡುವಂತಿಲ್ಲ, ಎರಡೂ ಕೂಡಲಿಯಲ್ಲಿ ಸೇರಿ ಮುಂದಿನವರಿಗೆ ಕುಡಿಯುವ ನೀರಾಗುತ್ತವೆ. ಆವಿಯಾಗಿಸಿ ಉಪ್ಪು ತೆಗೆಯಬೇಕು. ಫಿಲ್ಟರ್ ಪ್ರೆಸ್ಸಿನಿಂದ ಬರುವ ಒದ್ದೆ ಸಿಲಿಕಾ ಹೆಂಟೆಯಲ್ಲೂ ಐದರಲ್ಲಿ ನಾಲ್ಕು ಪಾಲು ನೀರೇ ಇರಬಹುದು, ಒಂದು ಟನ್ ಪುಡಿಗೆ 4 ಟನ್ ನೀರು ಆವಿಯಾಗಿಸಬೇಕು. ಹೆಚ್ಚಿನ ಯೋಜನಾ ವರದಿಗಳಲ್ಲಿ ಈ ಎರಡು ಸಾಲು ಇರುವುದಿಲ್ಲ.

ಉಪ್ಪಿನ ತಲೆನೋವಿಗೆ ಇನ್ನೊಂದು ದಾರಿ ಆಸಿಡ್ ಬದಲು ಕಾರ್ಬನ್ ಡೈಆಕ್ಸೈಡ್ ಊದುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಮಿ ಬೂದಿಗೆಂದೇ ಇಂಥ ವಿಧಾನ ರೂಪಿಸಿದ್ದಾರೆ. ಸಿಲಿಕಾ ಬಿದ್ದ ಮೇಲೆ ಉಳಿಯುವ ಸೋಡಿಯಂ ಕಾರ್ಬೊನೇಟ್‌ಗೆ ಸುಣ್ಣ ಹಾಕಿದರೆ ಕಾಸ್ಟಿಕ್ ಮರಳಿ ಸಿಗುತ್ತದೆ. ಕಾಗದದ ಮೇಲೆ ಸೊಗಸಾಗಿದೆ, ನಡೆಸಲು ಶಿಸ್ತು ಬೇಕು. ಮರಳಿ ಸಿಕ್ಕ ಕಾಸ್ಟಿಕ್ ತೆಳ್ಳಗಿರುತ್ತದೆ, ಸುಣ್ಣದ ಕೆಸರಿಗೂ ಜಾಗ ಹುಡುಕಬೇಕು.

ಕೊಳ್ಳುವವರು ಯಾರು ಎಂಬುದನ್ನು ಕೊನೆಗೆ ಕೇಳುತ್ತಾರೆ, ಮೊದಲು ಕೇಳಬೇಕಿತ್ತು. ಚಪ್ಪಲಿ ಅಟ್ಟೆ, ಟಯರ್, ಟೂತ್‌ಪೇಸ್ಟ್, ಬ್ಯಾಟರಿ ಸೆಪರೇಟರ್, ದ್ರವ ಕೀಟನಾಶಕವನ್ನು ಪುಡಿಯಾಗಿಸುವವರು, ಪಶು ಆಹಾರದವರು, ಹೀಗೆ ಪಟ್ಟಿ ಉದ್ದವಿದೆ. ನಿಮ್ಮ ಮಿಲ್ಲಿನಲ್ಲೇ ಭತ್ತ ಸುಲಿಯುವ ಬಿಳಿ ರಬ್ಬರ್ ರೋಲ್‌ಗೆ ಗಟ್ಟಿತನ ಬರುವುದೂ ಈ ಸಿಲಿಕಾದಿಂದ. ಕಾರ್ಬನ್ ಬ್ಲ್ಯಾಕ್ ಹಾಕಿದರೆ ಅಕ್ಕಿಗೆ ಮಸಿ ಹತ್ತುತ್ತದೆ. ಅಜ್ಜಿಯರು ಉಮಿಕರಿಯಲ್ಲಿ ಹಲ್ಲುಜ್ಜಿದ್ದನ್ನೂ ನೆನಪಿಸಿಕೊಳ್ಳಿ. ಆದರೆ ಪ್ರತಿ ಗಿರಾಕಿಯ ಅಳತೆ ಬೇರೆ. ರಬ್ಬರಿನವರು ಗ್ರಾಮಿಗೆ 150-200 ಚದರ ಮೀಟರ್ ಮೇಲ್ಮೈ ಕೇಳುತ್ತಾರೆ, ಕೀಟನಾಶಕದವರು ಎಣ್ಣೆ ಹೀರುವ ಶಕ್ತಿ ನೋಡುತ್ತಾರೆ, ಟೂತ್‌ಪೇಸ್ಟಿನವರು ಹಲ್ಲು ಸವೆಯದಷ್ಟೇ ಒರಟುತನ ಕೇಳುತ್ತಾರೆ. ಗುಡ್‌ಇಯರ್ ಉಮಿ ಬೂದಿಯ ಸಿಲಿಕಾವನ್ನು ಟಯರಿಗೆ ಬಳಸುವುದಾಗಿ 2014ರಲ್ಲಿ ಹೇಳಿದ್ದನ್ನು ಓದಿ ಹೊರಟವರಿಗೊಂದು ಮಾತು: ಟಯರ್ ಕಂಪನಿ ವರ್ಷವಿಡೀ ಒಂದೇ ಗುಣದ ಸರಕು ಕೇಳುತ್ತದೆ. ಪಾಳಿಗೊಂದು ಬೂದಿ ಕೊಡುವ ಬಾಯ್ಲರಿನಿಂದ ಅದು ಕಷ್ಟ.

ಬಂಡವಾಳ ಚಿಕ್ಕದಿದ್ದರೆ ಸಿಲಿಕೇಟಿಗೇ ನಿಲ್ಲಿಸುವುದನ್ನು ಯೋಚಿಸಬಹುದು. ತೆರೆದ ಪಾತ್ರೆಯಲ್ಲಿ ಬೂದಿ ಕರಗಿಸಿದರೆ ಮಾಡ್ಯುಲಸ್ ಎರಡರ ಆಸುಪಾಸು ಬರುವಂತೆ ಮಾಡಿಕೊಳ್ಳಬಹುದು, ಫೌಂಡ್ರಿಯವರ ಬೇಡಿಕೆಯೂ ಅಲ್ಲೇ ಸುತ್ತಮುತ್ತ ಇರುತ್ತದೆ. ಗಟ್ಟಿ ಮಾಡಲು ಹಬೆ ಖರ್ಚಾಗುತ್ತದೆ, ಗಿರಾಕಿಯ ಸ್ಪೆಸಿಫಿಕೇಶನ್ ಕೈಯಲ್ಲಿ ಹಿಡಿದೇ ಲೆಕ್ಕ ಹಾಕಿ. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ದೂರವೇನಲ್ಲ, ಹೋಗಿ ವಿಚಾರಿಸಿ.

ಯಾರಿಗೇ ಬೂದಿ ತೋರಿಸುವುದಿದ್ದರೂ, ವಾರವಿಡೀ ಪ್ರತಿ ಪಾಳಿಯಿಂದ ಒಂದೊಂದು ಕೆಜಿ ಬೇರೆಬೇರೆ ಚೀಲದಲ್ಲಿ ತೆಗೆದಿಡಿ. ಬಾಯ್ಲರ್ ಬಾಯಿಂದ ನೇರ ತಗಡಿನ ಡಬ್ಬಕ್ಕೆ ಹಿಡಿದು, ಮುಚ್ಚಳ ಮುಚ್ಚಿ ಆರಲು ಬಿಡಿ, ನೀರು ಚಿಮುಕಿಸಬೇಡಿ. ಚೀಲದ ಮೇಲೆ ತಾರೀಕು, ಪಾಳಿ, ಆ ಹೊತ್ತಿನಲ್ಲಿ ಉಮಿಯ ಜೊತೆ ಬೇರೇನು ಉರಿಸಿದ್ದಿರಿ ಎಂದು ಬರೆಯಿರಿ. ಬಾಯ್ಲರ್ ನೋಡಿಕೊಳ್ಳುವವರನ್ನೇ ಕೇಳಿ ಬರೆಯಿರಿ, ಅಡಿಕೆ ಸಿಪ್ಪೆಯ ವಿಷಯ ಅವರಿಗೆ ಮಾತ್ರ ಗೊತ್ತಿರುತ್ತದೆ.