ಅಂಚಿಗೆ ಅಂಟಿಕೊಂಡ ಬಿಳಿ ಗೆರೆ

ಚಿಕ್ಕಮ್ಮನ ಮದುವೆ ಕ್ಯಾಸೆಟ್ಟನ್ನು ಈಚೆಗೆ ಕಂಪ್ಯೂಟರಿಗೆ ಹಾಕಿಸಿದೆವು. ಧಾರೆಯ ಹೊತ್ತಿನಲ್ಲಿ ನಿಲ್ಲಿಸಿ ನೋಡಿದರೆ, ಅವಳ ಕಪ್ಪು ಜಡೆಯ ಸುತ್ತ ತೆಳ್ಳಗೆ ಒಂದು ಬಿಳಿ ಗೆರೆ. ಬಾಸಿಂಗದ ಅಂಚಿನಲ್ಲೂ ಅದೇ. ಲೈಟಿಂದ ಬಂದದ್ದಲ್ಲ, ಕ್ಯಾಮೆರಾನೇ ಎಳೆದದ್ದು.

ಈ ಚಾಳಿ ಟ್ಯೂಬ್ ಕ್ಯಾಮೆರಾಗಳ ಕಾಲದ್ದು. ಅವುಗಳಲ್ಲಿ ಎಲೆಕ್ಟ್ರಾನ್ ಕಿರಣವೊಂದು ಚಿತ್ರವನ್ನು ಸಾಲು ಸಾಲಾಗಿ ಓದುತ್ತಿತ್ತು. ಕಿರಣದ ಚುಕ್ಕೆಗೂ ಒಂದು ದಪ್ಪ ಇರುತ್ತದಲ್ವಾ? ಅದಕ್ಕಿಂತ ಸಣ್ಣದೆಲ್ಲ ಕಲಸಿಹೋಗುತ್ತಿತ್ತು. ಹಾಗಾಗಿ ಎಂಜಿನಿಯರುಗಳು ಅಪರ್ಚರ್ ಕರೆಕ್ಷನ್, ಡೀಟೇಲ್ ಎಂಬ ಸರ್ಕ್ಯೂಟುಗಳನ್ನು ಸೇರಿಸಿದರು. ಅಂಚು ಬಂದಲ್ಲಿ ಕಪ್ಪನ್ನು ಇನ್ನಷ್ಟು ಕಪ್ಪು, ಬಿಳಿಯನ್ನು ಇನ್ನಷ್ಟು ಬಿಳಿ ಮಾಡುವುದು ಡೀಟೇಲಿನ ಕೆಲಸ. ಅದು ಮುಖದ ಸುಕ್ಕನ್ನೂ ಎತ್ತಿ ತೋರಿಸತೊಡಗಿದಾಗ, ಚರ್ಮದ ಬಣ್ಣ ಇರುವಲ್ಲಿ ಮಾತ್ರ ತಗ್ಗಿಸುವ ಸ್ಕಿನ್ ಡೀಟೇಲ್ ಬಂತು. ಮಾಡಿದ್ದಕ್ಕೊಂದು ರಿಪೇರಿ!

ಟ್ಯೂಬ್ ಹೋಗಿ ಸಿಸಿಡಿ ಎಂಬ ಸೆನ್ಸರ್ ಚಿಪ್ ಬಂದರೂ ಡೀಟೇಲ್ ಹೋಗಲಿಲ್ಲ. 625 ಸಾಲಿನ ಸಣ್ಣ ಟಿವಿಯಲ್ಲಿ ದೂರದಿಂದ ನೋಡುವವರಿಗೆ ಅದು ಚೆನ್ನಾಗಿಯೇ ಕಾಣುತ್ತಿತ್ತು. ದೊಡ್ಡ ಪರದೆ ಬಂದ ಮೇಲೆ ಗೆರೆ ಎದ್ದು ಕಂಡಿತು.

2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂತು. ಫೋಟೋ ಕ್ಯಾಮೆರಾದಲ್ಲೇ 1080ಪಿ ವಿಡಿಯೋ. ಆದರೆ ವಿಡಿಯೋಗೆ ಅದು ಸೆನ್ಸರಿನ ಕೆಲವು ಸಾಲುಗಳನ್ನು ಬಿಟ್ಟು ಓದುತ್ತಿತ್ತು. ಒತ್ತೊತ್ತಾದ ಗೆರೆಯ ಅಂಗಿ, ಹೆಂಚಿನ ಮಾಡು ಸಿಕ್ಕರೆ ಬಣ್ಣದ ಅಲೆಗಳೇಳುತ್ತಿದ್ದವು. ಶಾರ್ಪ್‌ನೆಸ್ (ಹಳೆಯ ಡೀಟೇಲಿನದ್ದೇ ಕೆಲಸ) ಏರಿಸಿದರೆ ಆ ಅಲೆಗಳೂ ಜಾಸ್ತಿ. ಹಾಗಾಗಿ ಪಿಕ್ಚರ್ ಸ್ಟೈಲ್ ಎಂಬ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಶಾರ್ಪ್‌ನೆಸ್ಸನ್ನು ಸೊನ್ನೆಗಿಳಿಸಿ, ಎಡಿಟಿಂಗಿನಲ್ಲಿ ಬೇಕಾದಷ್ಟು ಹಾಕಿಕೊಳ್ಳುವ ರೂಢಿ ಬೆಳೆಯಿತು. ಅಲ್ಲಿ ಜಾಸ್ತಿಯಾದರೆ ಇಳಿಸಬಹುದು. ಕ್ಯಾಮೆರಾ ಹಾಕಿದ್ದನ್ನು ತೆಗೆಯಲಾಗದು. ಚಿಕ್ಕಮ್ಮನ ಜಡೆಯ ಗೆರೆ ಅಳಿಸಲು ಬ್ಲರ್ ಹಾಕಿ ನೋಡಿದೆವು. ಸೀರೆಯ ಜರಿ ಮಸುಕಾಯಿತು, ಗೆರೆ ಹಾಗೇ ಉಳಿಯಿತು.

ಹಾಗಂತ ಸೊನ್ನೆಯೇ ಸರಿ ಅಂತ ನಾನು ಹೇಳುವುದಿಲ್ಲ. ಕ್ಯಾಮೆರಾ ಶಾರ್ಪ್ ಮಾಡುವುದು ಫೈಲ್ ಕಂಪ್ರೆಸ್ ಆಗಿ ಕಿರಿದಾಗುವ ಮೊದಲು, ಸೆನ್ಸರಿನಿಂದ ಬಂದದ್ದು ಪೂರ್ತಿ ಕೈಯಲ್ಲಿರುವಾಗ. ಹಾಗೆ ಬಿಗಿಯಾಗಿ ಕುಗ್ಗಿಸಿದ ಫೈಲಿನಲ್ಲಿ ಹುಲ್ಲು, ಕೂದಲಿನ ನವಿರು ಒಮ್ಮೆ ಹೋದರೆ, ಆಮೇಲೆ ಶಾರ್ಪ್ ಮಾಡಿದಾಗ ಎದ್ದು ಬರುವುದು ಕಂಪ್ರೆಷನ್ನಿನ ಚೌಕಗಳೇ. ರಾ (ಸೆನ್ಸರಿನಿಂದ ಬಂದದ್ದನ್ನು ಹಾಗೇ ಇಟ್ಟ ಫೈಲ್) ಅಥವಾ ದೊಡ್ಡ ಫೈಲ್ ಸಿಗುವ ಕ್ಯಾಮೆರಾ ಇದ್ದರೆ ಪೂರ್ತಿ ಇಳಿಸಿ. ಸಂಜೆಯೇ ಗಿರಾಕಿಗೆ ಕೊಡಬೇಕಾದ ವಿಡಿಯೋ ಆದರೆ, ಸುಮ್ನೆ ಕ್ಯಾಮೆರಾದಲ್ಲೇ ಒಂದೆರಡು ಮೆಟ್ಟಿಲು ಶಾರ್ಪ್‌ನೆಸ್ ಉಳಿಸಿಕೊಳ್ಳಿ. ಎಡಿಟಿಂಗಿನಲ್ಲಿ ಮಾಡುವುದಾದರೆ ಮೊದಲು ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು ಚುಕ್ಕೆ) ತೆಗೆಯಿರಿ, ಚಿತ್ರದ ಅಳತೆ ಬದಲಿಸಿ, ಕೊನೆಗೆ ಶಾರ್ಪ್ ಮಾಡಿ. ಉಲ್ಟಾ ಮಾಡಿದರೆ ಕತ್ತಲ ಶಾಟಿನ ಗೋಡೆಯ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಕಾಣುತ್ತದೆ.